ನಿಂತ ಟ್ರಾಕ್ಟರಿನ ಬ್ಯಾಟರಿಯನ್ನು ಕಾಪಾಡುವ ಬಗೆ

ಬೀಜ, ಗೊಬ್ಬರ, ರೋಗ-ಕೀಟಗಳ ವಿಷಯವನ್ನು ನೀವು ಈ ಹಿಂದೆ ಅನೇಕ ಸಲ ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ಕೊಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ನಿಂತಿರುವ ಟ್ರಾಕ್ಟರಿನ ಬಗ್ಗೆ, ಅದರಲ್ಲೂ ಆ ಟ್ರಾಕ್ಟರಿನ ಬ್ಯಾಟರಿಯ ಬಗ್ಗೆ. ‘ಇದೆಂತ ಮಾರಾಯ್ರೆ, ಬ್ಯಾಟರಿಯ ಬಗ್ಗೆ ಒಂದು ಭಾಷಣವೇ?’ ಎಂದು ನೀವು ಕೇಳಬಹುದು. ಮಿರಗದ ಮಳೆ ಬಿದ್ದು, ಗದ್ದೆ ಹದಕ್ಕೆ ಬಂದು, ಸಸಿಮಡಿಗೆ ಮೊಳಕೆ ಬೀಜ ತಯಾರಾಗಿರುವಾಗ ಯಂತ್ರ ‘ಕಟ್ ಕಟ್’ ಎಂದು ಸದ್ದು ಮಾಡಿ ಸುಮ್ಮನಾದ ಅನುಭವ ಯಾರಿಗಿದೆಯೋ ಅವರು ಮಾತ್ರ ಹಾಗೆ ಕೇಳುವುದಿಲ್ಲ.

ನಮ್ಮ ಕಾರವಾರ, ಅಂಕೋಲೆ ತಾಲೂಕುಗಳ ಬೇಸಾಯದ ರೀತಿಯನ್ನೇ ನೋಡಿ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಟ್ರಾಕ್ಟರು ವರ್ಷದ ಬಹುಪಾಲು ಓಡಾಡಿಕೊಂಡಿರುತ್ತದೆ. ನಮ್ಮಲ್ಲಿ ಹಾಗಲ್ಲ. ಜೂನ್-ಜುಲೈ ತಿಂಗಳಲ್ಲಿ ಗದ್ದೆ ಹೂಡಿ ಕೆಸರು ಮಾಡುವ ಕೆಲಸ. ನಾಟಿ ಮುಗಿದರೆ ಯಂತ್ರ ಮಾಡಿನ ಕೆಳಗೆ ಸೇರಿತು. ಮತ್ತೆ ಅದು ಹೊರಗೆ ಬರುವುದು ಭತ್ತದ ಕೊಯ್ಲಿನ ಹೊತ್ತಿಗೆ. ಆಮೇಲೆ ಶೇಂಗಾ, ತರಕಾರಿಗೆ ನೆಲ ಹದ ಮಾಡಲು ಸ್ವಲ್ಪ ದಿನ. ಗೊಬ್ಬರ ಸಾಗಿಸಲು, ಚಿರೆಕಲ್ಲು ತರಲು ಅಲ್ಲೊಂದು ಇಲ್ಲೊಂದು ದಿನ. ಬೇಸಗೆ ಬಂದರೆ ಮತ್ತೆ ನಿದ್ದೆ. ಹೀಗೆ ವರ್ಷದಲ್ಲಿ ಎರಡು ಸಲ, ಮಳೆಗಾಲದ ನಡುವೆ ಒಮ್ಮೆ, ಬಿಸಿಲುಗಾಲದಲ್ಲಿ ಒಮ್ಮೆ, ಎರಡು-ಮೂರು ತಿಂಗಳ ಕಾಲ ನಮ್ಮ ಯಂತ್ರಗಳು ನಿಂತೇ ಇರುತ್ತವೆ.

ಯಂತ್ರ ನಿಂತಿದೆಯಾದರೂ ಬ್ಯಾಟರಿ ಸುಮ್ಮನಿರುವುದಿಲ್ಲ. ಇದೇ ಇಂದಿನ ಮಾತಿನ ತಿರುಳು. ಕೆಲಸವಿಲ್ಲವೆಂದು ಕಟ್ಟಿ ಹಾಕಿದ ಎತ್ತಿಗೆ ನಾವು ಹುಲ್ಲು ಹಾಕದೆ ಬಿಡುತ್ತೇವೆಯೆ? ಇಲ್ಲ. ಬ್ಯಾಟರಿಯೂ ಹಾಗೆಯೇ. ದುಡಿಯಲಿ, ದುಡಿಯದಿರಲಿ, ಅದರ ಹೊಟ್ಟೆ ದಿನದಿನಕ್ಕೆ ಕರಗುತ್ತದೆ.

ಇದು ಯಾಕೆ ಹೀಗೆ ಎಂಬುದನ್ನು ಮೊದಲು ತಿಳಿಯೋಣ. ನಮ್ಮ ಟ್ರಾಕ್ಟರುಗಳಲ್ಲಿ ಇರುವುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸ್ ದೇಶದ ಗಾಸ್ತೊ ಪ್ಲಾಂಟೆ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದನು. ಅಂದಿನಿಂದ ಇಂದಿನ ತನಕ ಮೂಲ ತತ್ವ ಬದಲಾಗಿಲ್ಲ. ಒಂದು ಪೆಟ್ಟಿಗೆಯಲ್ಲಿ ಆರು ಕೋಣೆಗಳು. ಒಂದೊಂದು ಕೋಣೆಯಲ್ಲಿ ಸೀಸದ ತಗಡುಗಳು, ಅವುಗಳ ನಡುವೆ ಆಸಿಡ್ ನೀರು. ಒಂದೊಂದು ಕೋಣೆ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಆರೂ ಸೇರಿ ಹನ್ನೆರಡೂವರೆ ವೋಲ್ಟಿನ ಸುಮಾರಿಗೆ ಬರುತ್ತದೆ. ಕರೆಂಟು ಹೊರಗೆ ಹೋದ ಹಾಗೆ ತಗಡುಗಳ ಮೇಲೆ ಸೀಸದ ಸಲ್ಫೇಟು ಎಂಬ ಬಿಳಿ ಹರಳು ಕೂಡುತ್ತದೆ. ಚಾರ್ಜು ಮಾಡಿದಾಗ ಆ ಹರಳು ಕರಗಿ ತಗಡು ಮೊದಲಿನ ಸ್ಥಿತಿಗೆ ಬರುತ್ತದೆ. ಇಷ್ಟೇ ಬ್ಯಾಟರಿಯ ಗುಟ್ಟು.

ಆದರೆ ಹರಳು ಹೊಸದಾಗಿದ್ದಾಗ ಮಾತ್ರ ಮೆದುವಾಗಿರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿಯಾಗುತ್ತದೆ. ಉಪ್ಪಿನ ಗದ್ದೆಯಲ್ಲಿ ನೀರು ಆರಿದಂತೆ ಉಪ್ಪು ಹರಳುಗಟ್ಟಿ ನೆಲಕ್ಕೆ ಅಂಟುವುದನ್ನು ನೀವು ಕಂಡಿದ್ದೀರಲ್ಲ, ಅದೇ ಪ್ರಕಾರ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಕರಗುವುದಿಲ್ಲ. ಆ ತಗಡಿನಷ್ಟು ಭಾಗ ಸತ್ತಂತೆಯೇ ಸರಿ. ಬ್ಯಾಟರಿ ದುಡಿದು ಸಾಯುವುದಕ್ಕಿಂತ ಹೀಗೆ ಹಸಿದು ಸಾಯುವುದೇ ನಮ್ಮ ಕಡೆ ಹೆಚ್ಚು.

ಏನೂ ಕೆಲಸ ಮಾಡದೆ ಇಟ್ಟ ಸಾಧಾರಣ ಬ್ಯಾಟರಿ ತಿಂಗಳಿಗೆ ತನ್ನ ಶಕ್ತಿಯಲ್ಲಿ ನೂರಕ್ಕೆ ಐದು ಪಾಲಿನ ಸುಮಾರು ಕಳೆದುಕೊಳ್ಳುತ್ತದೆ. ಹಳೆಯದಾದರೆ ಇನ್ನೂ ಹೆಚ್ಚು. ಸೆಕೆ ಹೆಚ್ಚಿದಂತೆ ಈ ನಷ್ಟವೂ ಹೆಚ್ಚುತ್ತದೆ. ಹತ್ತು ಡಿಗ್ರಿ ಏರಿದರೆ ಸುಮಾರು ಇಮ್ಮಡಿಯಾಗುತ್ತದೆ. ಹೀಗಾಗಿ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ನಿಂತ ಯಂತ್ರದ ಬ್ಯಾಟರಿ ಬೇಗ ಇಳಿಯುತ್ತದೆ. ಮಳೆಗಾಲದಲ್ಲಿ ಬೇರೆ ಕಷ್ಟ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಮೇಲೆ ಸಮುದ್ರದ ಉಪ್ಪು ಗಾಳಿ. ಬ್ಯಾಟರಿಯ ಮೇಲ್ಭಾಗದಲ್ಲಿ ಧೂಳು, ಆಸಿಡಿನ ಪಸೆ, ತೇವ ಮೂರೂ ಸೇರಿದರೆ ಅದೇ ಒಂದು ತಂತಿಯಂತಾಗಿ, ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ಕರೆಂಟು ನಿಧಾನವಾಗಿ ಸೋರುತ್ತದೆ. ಟರ್ಮಿನಲ್ಲುಗಳ ಮೇಲೆ ಬಿಳಿ, ಹಸಿರು ಬೂಷ್ಟು ಬೆಳೆಯುತ್ತದೆ.

ಇನ್ನು ಬ್ಯಾಟರಿಯ ಹೊಟ್ಟೆ ಎಷ್ಟು ತುಂಬಿದೆಯೆಂದು ತಿಳಿಯುವುದು ಹೇಗೆ? ಒಂದು ಸಾದಾ ಮಲ್ಟಿಮೀಟರು ಸಾಕು. ಊರಿನ ಎಲೆಕ್ಟ್ರಿಶಿಯನ್ನರ ಹತ್ತಿರ ಇದ್ದೇ ಇರುತ್ತದೆ. ಚಾರ್ಜು ನಿಲ್ಲಿಸಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.6 ವೋಲ್ಟು ತೋರಿಸಿದರೆ ತುಂಬಿದೆ. 12.2 ತೋರಿಸಿದರೆ ಅರ್ಧ. 12.0ಕ್ಕೆ ಬಂದರೆ ಕಾಲು ಪಾಲು ಮಾತ್ರ ಉಳಿದಿದೆ. ನಮ್ಮಂಥ ಉಷ್ಣ ಪ್ರದೇಶಕ್ಕೆಂದು ತುಸು ತೆಳು ಆಸಿಡ್ ಹಾಕಿದ ಬ್ಯಾಟರಿಗಳು ಉಂಟು. ಅವು 12.5ಕ್ಕೇ ತುಂಬಿರುತ್ತವೆ. ನೋಡಿ, ತುಂಬಿದ್ದಕ್ಕೂ ಅರ್ಧ ಖಾಲಿಗೂ ನಡುವೆ ಇರುವುದು ಅರ್ಧ ವೋಲ್ಟೂ ಅಲ್ಲ. ಆದ್ದರಿಂದ ‘ಹನ್ನೆರಡು ತೋರಿಸ್ತದೆ, ಸರಿ ಉಂಟು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹನ್ನೆರಡು ತೋರಿಸಿತೆಂದರೆ ಅದು ಹಸಿದಿದೆ ಎಂದೇ ಅರ್ಥ.

ಈ ಹಸಿವಿಗೆ ಮದ್ದು ಒಂದು ಚಿಕ್ಕ ಉಪಕರಣ. ಅದಕ್ಕೆ ‘ಬ್ಯಾಟರಿ ಮೇಂಟೇನರ್’ ಎನ್ನುತ್ತಾರೆ. ಅಂಗಡಿಯಲ್ಲಿ ‘ಆಟೊಮ್ಯಾಟಿಕ್ ಚಾರ್ಜರ್’ ಅಥವಾ ‘ಸ್ಮಾರ್ಟ್ ಚಾರ್ಜರ್’ ಎಂದು ಕೇಳಿದರೂ ತೋರಿಸುತ್ತಾರೆ. ಅಂಗೈಗಿಂತ ತುಸು ದೊಡ್ಡ ಪೆಟ್ಟಿಗೆ. ಒಂದು ಕಡೆ ಮನೆಯ ಕರೆಂಟಿನ ಪ್ಲಗ್ಗು, ಇನ್ನೊಂದು ಕಡೆ ಕೆಂಪು ಮತ್ತು ಕಪ್ಪು ಎರಡು ಕ್ಲಿಪ್ಪು.

ಇದರ ಕೆಲಸವನ್ನು ನೀವು ಬಾವಿಯ ಕಟ್ಟೆಯ ಮೇಲೆ ದಿನಾ ಕಾಣುತ್ತೀರಿ. ಕೊಡಕ್ಕೆ ನೀರು ತುಂಬುವಾಗ ಮೊದಲು ಧಾರಾಳವಾಗಿ ಹೊಯ್ಯುತ್ತೇವೆ. ಕಂಠದ ಹತ್ತಿರ ಬಂದಾಗ ಕೈ ಬಿಗಿ ಹಿಡಿದು ನಿಧಾನವಾಗಿ ಹೊಯ್ಯುತ್ತೇವೆ. ತುಂಬಿದ ಮೇಲೆ ನಿಲ್ಲಿಸುತ್ತೇವೆ. ಮೇಂಟೇನರು ಸಹ ಮೊದಲು ತನ್ನ ಪೂರ್ತಿ ಶಕ್ತಿಯಿಂದ ಕರೆಂಟು ಕೊಡುತ್ತದೆ. 14.4 ವೋಲ್ಟಿನ ಸುಮಾರಿಗೆ ಬಂದಾಗ ಕರೆಂಟು ತಾನಾಗಿ ಇಳಿಯುತ್ತ ಹೋಗುತ್ತದೆ. ತುಂಬಿತೆಂದು ಗೊತ್ತಾದ ಕೂಡಲೆ 13.2ರಿಂದ 13.6 ವೋಲ್ಟಿಗೆ ಇಳಿದು, ದಿನದಲ್ಲಿ ಎಷ್ಟು ಸೋರಿತೋ ಅಷ್ಟನ್ನೇ ಮತ್ತೆ ತುಂಬುತ್ತ ಕಾವಲು ಕೂತಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪೇಟೆಯಲ್ಲಿ ಕಡಮೆ ಬೆಲೆಗೆ ಸಿಗುವ ಹಳೇ ತರದ ಸಾದಾ ಚಾರ್ಜರಿಗೆ ಈ ಬುದ್ಧಿ ಇಲ್ಲ. ತುಂಬಿತೋ ಇಲ್ಲವೋ ನೋಡದೆ ಹೊಯ್ಯುತ್ತಲೇ ಇರುತ್ತದೆ. ಅದನ್ನು ವಾರಗಟ್ಟಲೆ ಹಚ್ಚಿಟ್ಟರೆ ಒಳಗಿನ ನೀರು ಕುದಿದಂತಾಗಿ ಆರಿ, ತಗಡು ಹೊರಬಿದ್ದು, ಹಸಿವಿನಿಂದ ಸಾಯದ ಬ್ಯಾಟರಿ ಅಜೀರ್ಣದಿಂದ ಸಾಯುತ್ತದೆ. ಅಂಥ ಚಾರ್ಜರಿದ್ದರೆ ಗಂಟೆ ಎಣಿಸಿ ಹಚ್ಚಿ, ಮರೆಯದೆ ತೆಗೆಯಿರಿ. ತಿಂಗಳುಗಟ್ಟಲೆ ಬಿಡಬೇಕಾದರೆ ತುಂಬಿದ್ದನ್ನು ತಾನೇ ಅರಿಯುವ ಮೇಂಟೇನರೇ ಬೇಕು.

‘ಕರೆಂಟು ಬಿಲ್ಲು ಏರುವುದಿಲ್ಲವೆ?’ ಎಂದು ತಾಯಂದಿರು ಕೇಳುವುದು ಸಹಜ. ಲೆಕ್ಕ ಹಾಕಿ ನೋಡೋಣ. ಕಾವಲಿನ ಹೊತ್ತಿನಲ್ಲಿ ಇಂಥ ಪೆಟ್ಟಿಗೆ ಐದು ವ್ಯಾಟು ಎಳೆಯುತ್ತದೆಂದು ಹಿಡಿದರೆ ದಿನಕ್ಕೆ 120 ವ್ಯಾಟ್-ಗಂಟೆ ಆಯಿತು. ತಿಂಗಳಿಗೆ ಮೂರೂವರೆ ಯೂನಿಟ್ಟಿನ ಸುಮಾರು. ಒಂದು ಹೊಸ ಬ್ಯಾಟರಿಯ ಬೆಲೆಯ ಮುಂದೆ ಇದು ಏನೂ ಅಲ್ಲ.

ಈ ವಿಷಯದಲ್ಲಿ ನಾನು ಕಂಡ ಒಂದು ಮನೆಯ ಸಂಗತಿ ಹೇಳುತ್ತೇನೆ. ಗಂಗಾವಳಿ ಹೊಳೆಯ ದಂಡೆಯ ಒಂದು ಊರು. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಮಗ ಗೋವೆಯಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ, ನಾಟಿಗೆ ಬಂದು ಹೋಗುತ್ತಾನೆ. ಮನೆಯಲ್ಲಿ ಹಳೆಯದೊಂದು ಟ್ರಾಕ್ಟರು. ಒಂದು ಮಳೆಗಾಲದ ಮೊದಲಲ್ಲಿ ನಾನು ಭತ್ತದ ಬೀಜೋಪಚಾರ ತೋರಿಸಲು ಆ ಕಡೆ ಹೋಗಿದ್ದೆ. ಯಜಮಾನರು ಬೇಸರದಿಂದ ಹೇಳಿದರು:

‘ಸಾಹೇಬ್ರೆ, ಎರಡು ವರ್ಷಕ್ಕೆ ಎರಡು ಬ್ಯಾಟ್ರಿ ಆಯ್ತು. ಅಂಗಡಿಯವ ಮೋಸ ಮಾಡಿದ. ಮಗ ರಜೆ ಹಾಕಿ ಬಂದ, ಗಾಡಿ ಚಾಲೂ ಆಗ್ಲಿಲ್ಲ. ಐದು ಜನ ಸೇರಿ ಕೆಸರಲ್ಲಿ ದೂಡಿದ್ವು. ಅವನ ರಜೆ ಮುಗೀತು, ಹೋದ. ಈ ವರ್ಷ ಗಾಡಿ ಮಾರಿ ಗದ್ದೆ ಬೀಳು ಬಿಡುವಾ ಅಂತ ಕಾಣ್ತದೆ.’

ನಾನು ಕೇಳಿದೆ: ‘ಅಜ್ಜಾ, ನಾಟಿ ಮುಗಿದ ಮೇಲೆ ಬ್ಯಾಟ್ರಿ ಎಂತ ಮಾಡ್ತಿದ್ರಿ?’

‘ಎಂತ ಮಾಡೂದು? ಗಾಡಿಯಲ್ಲೇ ಇರ್ತದೆ. ಮಗ ಬಂದಾಗ ಒಂದು ಐದು ನಿಮಿಷ ಚಾಲೂ ಮಾಡಿ ಇಡ್ತಾನೆ.’

ಎರಡೂ ಬ್ಯಾಟರಿ ಅಲ್ಲೇ ಕೊಟ್ಟಿಗೆಯಲ್ಲಿದ್ದವು. ಮೇಲೆ ಬೆರಳು ದಪ್ಪದ ಬೂಷ್ಟು. ಮೀಟರು ಹಚ್ಚಿದರೆ ಹಳೆಯದು 10.5 ವೋಲ್ಟು ತೋರಿಸಿತು. ಚಾರ್ಜು ಮಾಡಿ ಒಂದು ರಾತ್ರಿ ಬಿಟ್ಟರೂ ಮರುದಿನ ಅಷ್ಟೇ. ಆರು ಕೋಣೆಯಲ್ಲಿ ಒಂದು ಸತ್ತಿದೆ ಎಂದು ಇದರ ಅರ್ಥ, ಅದಕ್ಕೆ ಮದ್ದಿಲ್ಲ. ಎರಡನೆಯದು 11.9 ಇತ್ತು. ಅದು ಉಳಿಯುವ ಆಸೆಯಿತ್ತು. ಪೇಟೆಯ ಅಂಗಡಿಯಲ್ಲಿ ಎರಡು ದಿನ ನಿಧಾನ ಚಾರ್ಜು ಮಾಡಿಸಿ, ಆಮೇಲೆ ಮೇಂಟೇನರಿಗೆ ಹಚ್ಚುವುದೆಂದು ಮಾತಾಯಿತು. ಅಂಗಡಿಯವನ ಮೋಸ ಅಲ್ಲಿ ಏನೂ ಇರಲಿಲ್ಲ. ಬ್ಯಾಟರಿ ಹಸಿದಿತ್ತು ಅಷ್ಟೆ.

ಈಗ ಆ ಮನೆಯಲ್ಲಿ ಮೇಂಟೇನರಿನ ಉಸ್ತುವಾರಿ ಅಜ್ಜಿಯದು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಹಾಲು ಕರೆಯಲು ಹೋದಾಗ ನೋಡುತ್ತಾರೆ. ‘ದನಕ್ಕೆ ಅಕ್ಕಚ್ಚು ಇಟ್ಟ ಹಾಗೇ ಇದೂ ಒಂದು’ ಎನ್ನುತ್ತಾರೆ. ಮರುವರ್ಷದ ನಾಟಿಗೆ ಮಗ ಬಂದಾಗ ಯಂತ್ರ ಮೊದಲ ಸಲಕ್ಕೇ ಚಾಲೂ ಆಯಿತು. ಗದ್ದೆ ಬೀಳು ಬೀಳಲಿಲ್ಲ. ಕೂಲಿಯಾಳು ಸಿಗದೆ ಕರಾವಳಿಯಲ್ಲಿ ಎಷ್ಟೋ ಗದ್ದೆಗಳು ಹುಲ್ಲು ಬೆಳೆದು ನಿಂತಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಐದು ನಿಮಿಷ ಚಾಲೂ ಮಾಡಿ ಆರಿಸುವ ರೂಢಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇದು ಎಲ್ಲ ಊರಿನಲ್ಲೂ ಇದೆ. ಇದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹಳೆಯ ಟ್ರಾಕ್ಟರುಗಳಲ್ಲಿ ಡೈನಮೊ ಇರುತ್ತದೆ. ಇಂಜಿನ್ನು ನಿಧಾನವಾಗಿ ತಿರುಗುವಾಗ ಅದು ಕರೆಂಟು ಕೊಡುವುದೇ ಕಡಮೆ. ಚಾಲೂ ಮಾಡಲು ಬ್ಯಾಟರಿಯಿಂದ ತೆಗೆದದ್ದು ಸಹ ಸರಿಯಾಗಿ ಹಿಂದೆ ಬರುವುದಿಲ್ಲ. ಮೇಲಾಗಿ ಇಂಜಿನ್ನು ಚೆನ್ನಾಗಿ ಬಿಸಿಯಾಗದೆ ಆರಿದರೆ ಸೈಲೆನ್ಸರಿನಲ್ಲಿ, ಎಣ್ಣೆಯಲ್ಲಿ ನೀರಿನ ಪಸೆ ಉಳಿದು ತುಕ್ಕು ಹಿಡಿಯುತ್ತದೆ. ಚಾಲೂ ಮಾಡುವುದಾದರೆ ತಿಂಗಳಿಗೊಮ್ಮೆ ಅರ್ಧ ಮುಕ್ಕಾಲು ಗಂಟೆ ರಸ್ತೆಯ ಮೇಲೆ ಓಡಿಸಿ ಬನ್ನಿ. ಇಲ್ಲವಾದರೆ ಮುಟ್ಟದೆ ಬಿಡಿ, ಬ್ಯಾಟರಿಯನ್ನು ಮಾತ್ರ ನೋಡಿಕೊಳ್ಳಿ.

ಈಗ ಮೇಂಟೇನರನ್ನು ಹಚ್ಚುವ ಕ್ರಮ. ಇದನ್ನು ದಯಮಾಡಿ ಗಮನವಿಟ್ಟು ಓದಿ. ಓದು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ.

ಮೊದಲು ಬ್ಯಾಟರಿಯನ್ನು ಯಂತ್ರದಿಂದ ಬಿಚ್ಚುವುದು. ಬಿಚ್ಚುವಾಗ ಯಾವಾಗಲೂ ಅರ್ಥಿನ ತಂತಿಯನ್ನು ಮೊದಲು ಬಿಚ್ಚಬೇಕು. ಮತ್ತೆ ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಅರ್ಥಿನ ತಂತಿ ಎಂದರೆ ಯಂತ್ರದ ಕಬ್ಬಿಣಕ್ಕೆ ಸೇರಿದ ತಂತಿ. ಈಗಿನ ಟ್ರಾಕ್ಟರುಗಳಲ್ಲಿ ಅದು ಕಳೆ ಗುರುತಿನದು. ಆದರೆ ಹಳೆಯ ಬ್ರಿಟಿಷ್ ಯಂತ್ರಗಳಲ್ಲಿ ಕೆಲವಕ್ಕೆ ಕೂಡು ಗುರುತಿನ ಕಡೆಯೇ ಅರ್ಥಿಗೆ ಸೇರಿರುತ್ತದೆ. ತೀರ ಹಳೆಯವುಗಳಲ್ಲಿ ಆರು ವೋಲ್ಟಿನ ಬ್ಯಾಟರಿಯೂ ಉಂಟು. ಅದಕ್ಕೆ ಹನ್ನೆರಡು ವೋಲ್ಟಿನ ಮೇಂಟೇನರು ಹಚ್ಚಬಾರದು. 1971ರಲ್ಲಿ ಪಿಂಜೋರಿನ ಎಚ್.ಎಂ.ಟಿ. ಕಾರ್ಖಾನೆ ಝೆಟರ್ ಮಾದರಿಯಲ್ಲಿ ಮಾಡಿದಂಥ 25 ಅಶ್ವಶಕ್ತಿಯ ಟ್ರಾಕ್ಟರಾಗಲಿ, ಅದಕ್ಕೂ ಹಳೆಯದಾಗಲಿ ನಿಮ್ಮ ಮನೆಯಲ್ಲಿದ್ದರೆ ಕಣ್ಣಳತೆಯಿಂದ ನಡೆಯಬೇಡಿ. ಬ್ಯಾಟರಿಯ ಮೇಲಿನ ಗುರುತು ನೋಡಿ, ಯಾವ ತಂತಿ ಕಬ್ಬಿಣಕ್ಕೆ ಹೋಗಿದೆ ನೋಡಿ, ಆಮೇಲೆ ಪಾನೆ ಹಚ್ಚಿ.

ಬಿಚ್ಚಿದ ಬ್ಯಾಟರಿಯ ಮೇಲ್ಭಾಗವನ್ನು ಬಿಸಿನೀರಿಗೆ ಒಂದೆರಡು ಚಮಚ ಅಡುಗೆ ಸೋಡಾ ಹಾಕಿ, ಅದರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿರಿ. ಮುಚ್ಚಳ ಭದ್ರವಾಗಿರಲಿ, ಸೋಡಾ ನೀರು ಒಳಗೆ ಹೋಗಬಾರದು. ಆಮೇಲೆ ಒಳ್ಳೆಯ ನೀರಿನಿಂದ ಒರೆಸಿ ಒಣಗಿಸಿರಿ. ಟರ್ಮಿನಲ್ಲುಗಳನ್ನು ಹೊಳೆಯುವಂತೆ ಉಜ್ಜಿ, ತಂತಿ ಬಿಗಿದ ಮೇಲೆ ವ್ಯಾಸಲೀನು ಸವರಿರಿ. ಉಪ್ಪು ಗಾಳಿಗೆ ಇದಕ್ಕಿಂತ ಅಗ್ಗದ ಮದ್ದು ಬೇರಿಲ್ಲ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ. ತಗಡುಗಳ ಮೇಲೆ ಹತ್ತರಿಂದ ಹದಿನೈದು ಮಿಲಿಮೀಟರು ನೀರು ನಿಂತಿರಬೇಕು. ಕಡಮೆಯಿದ್ದರೆ ಡಿಸ್ಟಿಲ್ಡ್ ನೀರನ್ನೇ ಹಾಕಿರಿ. ಬಾವಿಯ ನೀರು ಬೇಡ. ನಮ್ಮ ಗಜನಿಯ ಅಂಚಿನ, ಹೊಳೆಬಾಯಿಯ ಊರುಗಳಲ್ಲಂತೂ ಬಾವಿಯ ನೀರಿಗೆ ಬೇಸಗೆಯಲ್ಲಿ ಉಪ್ಪು ಬರುತ್ತದೆ. ಆ ಉಪ್ಪು ಬ್ಯಾಟರಿಗೆ ವಿಷ. ಆಸಿಡ್ ಅಂತೂ ಎಂದಿಗೂ ಹಾಕಬಾರದು. ಆರಿ ಹೋಗುವುದು ನೀರು ಮಾತ್ರ. ಆಸಿಡ್ ಒಳಗೇ ಇರುತ್ತದೆ.

ಇಷ್ಟಾದ ಮೇಲೆ ಕೆಂಪು ಕ್ಲಿಪ್ಪನ್ನು ಕೂಡು ಗುರುತಿಗೆ, ಕಪ್ಪು ಕ್ಲಿಪ್ಪನ್ನು ಕಳೆ ಗುರುತಿಗೆ ಹಚ್ಚಿರಿ. ಆಮೇಲೆಯೇ ಗೋಡೆಯ ಸ್ವಿಚ್ಚು ಹಾಕಿರಿ. ತೆಗೆಯುವಾಗ ಇದರ ತಿರುಗು ಮುರುಗು: ಮೊದಲು ಸ್ವಿಚ್ಚು ತೆಗೆದು, ಆಮೇಲೆ ಕ್ಲಿಪ್ಪು. ಹೀಗೆ ಮಾಡಿದರೆ ಬ್ಯಾಟರಿಯ ಹತ್ತಿರ ಕಿಡಿ ಹಾರುವುದಿಲ್ಲ.

ಕಿಡಿಗೆ ಯಾಕಿಷ್ಟು ಹೆದರಿಕೆ ಎಂದರೆ, ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಎಂಬ ಅನಿಲ ಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು. ಮಳೆಗಾಲದಲ್ಲಿ ಬೆಚ್ಚಗಿರಲೆಂದು ಬ್ಯಾಟರಿಯನ್ನು ಒಲೆಯ ಬದಿಗೆ, ಗ್ಯಾಸಿನ ಸಿಲಿಂಡರಿನ ಹತ್ತಿರ, ದೇವರ ದೀಪದ ಕೋಣೆಯಲ್ಲಿ ಇಡುವವರಿದ್ದಾರೆ. ಹಾಗೆ ಮಾಡಬೇಡಿ. ಗಾಳಿಯಾಡುವ ಪಡಸಾಲೆಯ ಮೂಲೆಯಲ್ಲೋ ಮಳೆಯ ಇರಚಲು ಬೀಳದ ಕೊಟ್ಟಿಗೆಯಲ್ಲೋ ಇಡಿ. ಹತ್ತಿರ ಬೀಡಿ ಸೇದಬೇಡಿ. ಮಕ್ಕಳ ಕೈಗೆ ಸಿಗದಿರಲಿ. ಕೆಲಸ ಮಾಡುವಾಗ ಕೈಯ ಉಂಗುರ, ಕಡಗ ತೆಗೆದಿಡಿ; ಪಾನೆ ಎರಡೂ ಟರ್ಮಿನಲ್ಲಿಗೆ ಒಟ್ಟಿಗೆ ತಾಗದಂತೆ ನೋಡಿ. ಆಸಿಡ್ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ಒಳ್ಳೆಯ ನೀರಿನಿಂದ ತೊಳೆದು ಕೂಡಲೆ ಡಾಕ್ಟರರ ಬಳಿ ಹೋಗಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನು ಗೋಡೆಯಿಂದಲೇ ತೆಗೆದಿಡಿ. ಒಂದೆರಡು ದಿನ ಕರೆಂಟಿಲ್ಲದಿದ್ದರೆ ಬ್ಯಾಟರಿಗೆ ಏನೂ ಆಗುವುದಿಲ್ಲ.

ಸಿಮೆಂಟು ನೆಲದ ಮೇಲೆ ಇಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ನಂಬಿಕೆ ಉಂಟು. ಹಿಂದೆ ಮರದ, ರಬ್ಬರಿನ ಪೆಟ್ಟಿಗೆಗಳಿದ್ದಾಗ ಅದರಲ್ಲಿ ನಿಜಾಂಶವಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಆದರೂ ತೇವದಿಂದ ದೂರವಿರಲು ಒಂದು ಹಲಗೆ ಹಾಕಿದರೆ ಒಳ್ಳೆಯದೇ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೇಂಟೇನರು ಕಾಯುವ ಉಪಕರಣ. ಸತ್ತದ್ದನ್ನು ಬದುಕಿಸುವ ಸಂಜೀವಿನಿಯಲ್ಲ. ಟ್ರಾಕ್ಟರಿನ ಬ್ಯಾಟರಿ ಸಾಮಾನ್ಯವಾಗಿ 75ರಿಂದ 100 ಆಂಪಿಯರ್-ಗಂಟೆಯದು. ಎಂಬತ್ತರದು ಅರ್ಧ ಖಾಲಿಯಾಗಿದ್ದರೆ ನಲವತ್ತು ತುಂಬಬೇಕು. ಒಂದು ಆಂಪಿಯರಿನ ಮೇಂಟೇನರಿಗೆ ಅದಕ್ಕೆ ಎರಡು ದಿನಕ್ಕೂ ಮೇಲೆ ಬೇಕು. ತೀರ ಇಳಿದ ಬ್ಯಾಟರಿಯನ್ನು ಕೆಲವು ಉಪಕರಣಗಳು ಗುರುತಿಸದೆ ಸುಮ್ಮನಿದ್ದುಬಿಡುತ್ತವೆ. ಆದ್ದರಿಂದ ನಾಟಿ ಮುಗಿದ ವಾರದಲ್ಲೇ, ಬ್ಯಾಟರಿ ಇನ್ನೂ ಗಟ್ಟಿಯಿರುವಾಗಲೇ ಹಚ್ಚಬೇಕು. ಮುಂದಿನ ಮಿರಗದ ಮಳೆಗೆ ನಾಲ್ಕು ದಿನ ಇರುವಾಗ ಹಚ್ಚಿದರೆ ಅದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ.

‘ನಮ್ಮ ಕೊಟ್ಟಿಗೆಗೆ ಕರೆಂಟಿಲ್ಲ’ ಎನ್ನುವವರಿಗೆ ಸೂರ್ಯನ ಬೆಳಕಿದೆ. ಹತ್ತು ವ್ಯಾಟಿನ ಚಿಕ್ಕ ಸೋಲಾರ್ ಫಲಕ, ಅದರೊಡನೆ ಒಂದು ಚಾರ್ಜ್ ಕಂಟ್ರೋಲರು ಇದ್ದರೆ ಸಾಕು. ಕಂಟ್ರೋಲರು ಇಲ್ಲದೆ ಫಲಕವನ್ನು ನೇರ ಹಚ್ಚಬೇಡಿ. ಬಿಸಿಲಿನಲ್ಲಿ ಹೆಚ್ಚಾಗುತ್ತದೆ, ರಾತ್ರಿಯಲ್ಲಿ ತಿರುಗಿ ಸೋರಬಹುದು. ಮೋಡದ ದಿನಗಳಲ್ಲಿ ಬೆಳಕು ಕಡಮೆ ನಿಜ. ಆದರೆ ಎಂಬತ್ತರ ಬ್ಯಾಟರಿ ತಿಂಗಳಿಗೆ ನಾಲ್ಕು ಆಂಪಿಯರ್-ಗಂಟೆ ಕಳೆದುಕೊಂಡರೆ ದಿನಕ್ಕೆ ಬೇಕಾದದ್ದು 0.13 ಮಾತ್ರ. ಅಷ್ಟನ್ನು ಮೋಡದ ಬೆಳಕೂ ಸಾಮಾನ್ಯವಾಗಿ ಕೊಡುತ್ತದೆ. ಫಲಕ ತೆಂಗಿನ ನೆರಳಿನಲ್ಲಿ ಇರಬಾರದು, ಅಷ್ಟೆ.

‘ಒಬ್ಬೊಬ್ಬರೂ ಒಂದೊಂದು ಕೊಳ್ಳಲು ಹಣವೆಲ್ಲಿ?’ ಎನ್ನುವವರಿಗೂ ದಾರಿಯಿದೆ. ಬ್ಯಾಟರಿ ತಿಂಗಳಿಗೆ ಕಳೆದುಕೊಳ್ಳುವುದೇ ಅಷ್ಟು ಕಡಮೆಯಾದ್ದರಿಂದ ವರ್ಷವಿಡೀ ಹಚ್ಚಿಡಲೇಬೇಕೆಂದಿಲ್ಲ. ಯಂತ್ರದಿಂದ ಬಿಚ್ಚಿ, ಒರೆಸಿ, ಒಣಗಿದ ಕಡೆ ಇಟ್ಟ ಬ್ಯಾಟರಿಗೆ ತಿಂಗಳಿಗೊಂದು ವಾರ ಹಚ್ಚಿದರೆ ಸಾಕು. ಅಂದಮೇಲೆ ಒಂದು ಮೇಂಟೇನರು ನಾಲ್ಕು ಮನೆಗೆ ಸರದಿಯ ಮೇಲೆ ಆಗುತ್ತದೆ. ನೆರೆಯ ನಾಲ್ವರು ಸೇರಿ ಕೊಂಡುಕೊಳ್ಳಿ. ನಿಮ್ಮ ಸೇವಾ ಸಹಕಾರಿ ಸಂಘದಲ್ಲಿ, ಮಹಿಳೆಯರ ಸ್ವಸಹಾಯ ಗುಂಪಿನಲ್ಲಿ ಈ ಮಾತೆತ್ತಿ. ಒಂದು ಮೀಟರು, ಒಂದು ಮೇಂಟೇನರು, ಸರದಿ ಬರೆಯಲು ಒಂದು ಪುಸ್ತಕ, ಇಷ್ಟಿದ್ದರೆ ಒಂದು ಕೇರಿಯ ಬ್ಯಾಟರಿಗಳೆಲ್ಲ ಉಳಿದವು.

ಟ್ರಾಕ್ಟರಿಗೆ ಹೇಳಿದ ಮಾತು ನಿಂತೇ ಇರುವ ಬೇರೆ ವಾಹನಗಳಿಗೂ ಸಲ್ಲುತ್ತದೆ. ನಮ್ಮ ಪವರ್ ಟಿಲ್ಲರುಗಳಲ್ಲಿ ಹೆಚ್ಚಿನವು ಹ್ಯಾಂಡಲು ತಿರುಗಿಸಿ ಚಾಲೂ ಮಾಡುವಂಥವು. ಅವಕ್ಕೆ ಈ ತೊಂದರೆಯಿಲ್ಲ. ಸೆಲ್ಫ್ ಸ್ಟಾರ್ಟು ಇರುವ ಟಿಲ್ಲರಿಗೆ ಉಂಟು. ಮೀನುಗಾರ ಬಂಧುಗಳ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರ ತನಕ ನಿಷೇಧದ ಕಾಲದಲ್ಲಿ ದಡದಲ್ಲಿರುತ್ತವೆ; ಆ ಬ್ಯಾಟರಿಗಳನ್ನು ಇಳಿಸಿ ಮನೆಗೆ ತರುವುದು ಒಳ್ಳೆಯ ರೂಢಿ, ತಂದ ಮೇಲೆ ಮರೆಯದಿರುವುದು ಇನ್ನೂ ಒಳ್ಳೆಯದು. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳು ಬಿಟ್ಟುಹೋದ ಕಾರುಗಳಲ್ಲಿ ಗಡಿಯಾರ, ಅಲಾರಮ್ಮು ಮೊದಲಾದವು ಬೀಗ ಹಾಕಿದ ಮೇಲೂ ಕರೆಂಟು ಕುಡಿಯುತ್ತಿರುತ್ತವೆ. ತಿಂಗಳು ಕಳೆಯುವುದರೊಳಗೆ ಅದರ ಚಿಕ್ಕ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದೀತು. ಮೋಟಾರ್ ಸೈಕಲ್ಲಿನದು ಇನ್ನೂ ಚಿಕ್ಕದು. ಅದಕ್ಕೆ ಹಚ್ಚುವ ಚಾರ್ಜರು ಅರ್ಧ ಆಂಪಿಯರಿನಷ್ಟು ಸಣ್ಣದಿರಲಿ.

ಬಾಂಧವರೆ, ಚಾಲೂ ಆಗುವ ವಾಹನದ ಬೆಲೆ ನಾಟಿಯ ಕಾಲದಲ್ಲಿ ಮಾತ್ರ ತಿಳಿಯುವುದಲ್ಲ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ಹೊಳೆಗಳು ಉಕ್ಕಿ ಬಂದದ್ದನ್ನು ನೀವು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಅಕ್ಕಿಯ ಮೂಟೆ, ವೃದ್ಧರು, ಎಳೆಗಂದಮ್ಮಗಳನ್ನು ಟ್ರೇಲರಿನಲ್ಲಿ ಕೂರಿಸಿ ಎತ್ತರದ ಜಾಗಕ್ಕೆ ಸಾಗಿಸಲು ದೂಡಿ ಚಾಲೂ ಮಾಡುವಷ್ಟು ಸಮಯವಿರುವುದಿಲ್ಲ. ಹೊಳೆದಂಡೆಯ ಮನೆಯವರು ಮಳೆಗಾಲದಲ್ಲಿ ಬ್ಯಾಟರಿಯನ್ನು ಬಿಚ್ಚಿ ಅಟ್ಟದ ಮೇಲಿಟ್ಟು ಮರೆಯುವುದಕ್ಕಿಂತ, ಯಂತ್ರದಲ್ಲೇ ಇಟ್ಟು ಮೇಂಟೇನರು ಹಚ್ಚುವುದು ಲೇಸು. ನೀರು ಏರುವ ಸೂಚನೆ ಕಂಡಾಗ ಮಾತ್ರ ಮೊದಲು ಗೋಡೆಯ ಪ್ಲಗ್ಗು ತೆಗೆಯಿರಿ. ನೀರಿನಲ್ಲಿ ನಿಂತು ಕರೆಂಟಿನ ತಂತಿ ಮುಟ್ಟಬೇಡಿ.

ಕಡೆಯದಾಗಿ ಸತ್ತ ಬ್ಯಾಟರಿಯ ವಿಷಯ. ಅದನ್ನು ಒಡೆದು ಆಸಿಡನ್ನು ಗದ್ದೆಗೆ, ತೋಡಿಗೆ ಚೆಲ್ಲಬೇಡಿ. ಬಲೆಯ ಗುಂಡಿಗೆಂದು ಅದರ ಸೀಸವನ್ನು ಮನೆಯಂಗಳದಲ್ಲಿ ಕರಗಿಸಲೇಬೇಡಿ. ಅದರ ಹೊಗೆ ಮಕ್ಕಳ ಮೆದುಳಿಗೆ ಕೇಡು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿ. ಅವರು ಅದಕ್ಕೆ ಬೆಲೆ ಕಟ್ಟಿ ಹಿಡಿಯುತ್ತಾರೆ.

ಹೇಳಿದ್ದನ್ನೆಲ್ಲ ಕೂಡಿಸಿ ಹೇಳುವುದಾದರೆ: ಕೆಲಸ ಮುಗಿದ ವಾರದಲ್ಲೇ ಬ್ಯಾಟರಿಯನ್ನು ಒರೆಸಿ, ನೀರು ನೋಡಿ, ಪೂರ್ತಿ ಚಾರ್ಜು ಮಾಡಿ. ತುಂಬಿದ್ದನ್ನು ತಾನೇ ಅರಿಯುವ ಮೇಂಟೇನರನ್ನೇ ಹಚ್ಚಿ. ತಿಂಗಳಿಗೊಮ್ಮೆ ಮೀಟರು ಹಿಡಿದು 12.5ಕ್ಕೆ ಕಡಮೆಯಾಗದಂತೆ ನೋಡಿಕೊಳ್ಳಿ. ಬೆಂಕಿ, ಮಕ್ಕಳು, ತೇವ ಈ ಮೂರರಿಂದ ದೂರ ಇಡಿ. ಒಬ್ಬರಿಗೆ ಆಗದ್ದನ್ನು ನಾಲ್ವರು ಸೇರಿ ಮಾಡಿ.

ಹೆಚ್ಚಿನ ವಿವರ ಬೇಕಾದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಬರುವಾಗ ಬ್ಯಾಟರಿ ಹೊತ್ತು ತರಬೇಕಾಗಿಲ್ಲ. ಅದರ ಮೇಲಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ತಂದರೆ ಸಾಕು. ಮುಂದಿನ ಮಿರಗದ ಮಳೆಗೆ ನಿಮ್ಮ ಯಂತ್ರಗಳೆಲ್ಲ ಮೊದಲ ಸಲಕ್ಕೇ ಚಾಲೂ ಆಗಲಿ, ಗದ್ದೆಗಳೆಲ್ಲ ಹಸುರಾಗಲಿ ಎಂದು ಹಾರೈಸುತ್ತೇನೆ.